ಗಾಬರಿಯಾಗಬೇಡಿ, ನಾವಿದ್ದೇವೆ

ಮೆಟ್ಟಿಲು ಹತ್ತುತ್ತಿರುವಾಗಲೇ ಅವಳಿಗೆ ತನ್ನ ಧ್ವನಿ ಕೇಳಿಸಿತು. ಅಣ್ಣನ ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ, ಯಾರದೋ ಬಾಗಿಲ ಮುಂದೆ ಚೆಲ್ಲಾಪಿಲ್ಲಿ ಬಿದ್ದಿದ್ದ ಚಪ್ಪಲಿಗಳನ್ನು ತುಳಿಯದ ಹಾಗೆ ಕಾಲಿಡುತ್ತಿದ್ದಾಗ ಅದು ಮೇಲಿನಿಂದ ಇಳಿದು ಬಂತು. ಮೊದಲು ಏನೂ ಅನ್ನಿಸಲಿಲ್ಲ. ತನ್ನ ಧ್ವನಿ ಹೀಗೆ ದಾರಿಯಲ್ಲಿ ಸಿಗುವುದು ಅವಳಿಗೆ ಹೊಸದಲ್ಲ. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವವಳು ಅವಳು, ಬ್ಯಾಂಕಿನಲ್ಲಿ ಸರದಿಯ ನಂಬರು ಕೂಗುವವಳು ಅವಳು, ದೊಡ್ಡ ಅಂಗಡಿಯ ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎಂದು ಎಚ್ಚರಿಸುವವಳೂ ಅವಳೇ. ಓದಿ ಕೊಟ್ಟಮೇಲೆ ಮುಗಿಯಿತು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಹಾಗೆ ಅದು ಎಲ್ಲಿ ಬಾಳುತ್ತದೋ ಏನು ಬಾಳುತ್ತದೋ ಅವಳು ವಿಚಾರಿಸಿದವಳಲ್ಲ. ಟಿವಿಯ ಜಾಹೀರಾತಿರಬೇಕು ಅಂದುಕೊಂಡಳು. ಆದರೆ ಅದು ಮುಗಿದಲ್ಲಿಂದ ಮತ್ತೆ ಮೊದಲಾಯಿತು. ಗಮನಿಸಿ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ದಯವಿಟ್ಟು ಆಫ್ ಮಾಡಬೇಡಿ, ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ಪರದೆಯ ಮೇಲಿರುವ ನಂಬರಿಗೆ ಈಗಲೇ ಫೋನ್ ಮಾಡಿ. ಗಾಬರಿಯಾಗಬೇಡಿ, ನಾವಿದ್ದೇವೆ.

ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಅಣ್ಣ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅತ್ತಿಂದಿತ್ತ ತಿರುಗುತ್ತಿದ್ದ. ಕಿಟಕಿಯ ಕೆಳಗಿನ ಮೇಜಿನ ಮುಂದೆ ಅತ್ತಿಗೆ ಕೂತಿದ್ದಳು. ಕಂಪ್ಯೂಟರಿನ ಪರದೆ ಪೂರ್ತಿ ಕೆಂಪಗಾಗಿತ್ತು. ನಡುವೆ ದಪ್ಪ ಬಿಳಿ ಅಕ್ಷರದ ನಂಬರು. ಗೋಡೆಯ ಪ್ಲಗ್ಗಿಗೆ ಹೋದ ವೈರನ್ನು ಅತ್ತಿಗೆ ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು, ಯಾರೋ ಕಿತ್ತುಕೊಳ್ಳಲು ಬಂದ ಹಸುಗೂಸನ್ನು ಹಿಡಿದುಕೊಂಡ ಹಾಗೆ. ಅದನ್ನು ಕೀಳಲು ಅಣ್ಣ ಬಂದಾಗಲೆಲ್ಲ ಅವಳು "ಬೇಡ, ಅದೇ ಹೇಳ್ತಾ ಇದೆಯಲ್ಲ, ಆಫ್ ಮಾಡಿದ್ರೆ ಎಲ್ಲ ಹೋಗುತ್ತೆ ಅಂತ" ಅನ್ನುತ್ತಿದ್ದಳು. "ಹೋಗೋದಕ್ಕೆ ಇನ್ನೇನು ಉಳಿದಿದೆ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ?" ಎಂದು ಅಣ್ಣ ಕೂಗಿದ. ಇಬ್ಬರ ಮಾತಿನ ಮೇಲೂ ಅವಳ ಧ್ವನಿ ತಣ್ಣಗೆ, ಸ್ಪಷ್ಟವಾಗಿ ಹರಿಯುತ್ತಿತ್ತು. ಗಾಬರಿಯಾಗಬೇಡಿ. ಅವಳು ಚೀಲವನ್ನೂ ಕೆಳಗಿಡದೆ ಹೋಗಿ, ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪ್ಲಗ್ಗನ್ನು ಕಿತ್ತಳು. 'ನಾವಿ' ಎಂಬಲ್ಲಿಗೆ ಅದು ನಿಂತಿತು.

ಅಣ್ಣ ಹೇಳಿದ್ದನ್ನೂ ಅತ್ತಿಗೆ ಹೇಳಿದ್ದನ್ನೂ ಜೋಡಿಸಿಕೊಂಡರೆ ನಡೆದದ್ದು ಇಷ್ಟು. ಅತ್ತಿಗೆ ಮನೆಯಲ್ಲಿ ಕೂತು ಆಸ್ಪತ್ರೆಯ ವರದಿಗಳನ್ನು ಟೈಪ್ ಮಾಡುವವಳು. ವೈದ್ಯರು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದು ಒಂದು ಏಜೆನ್ಸಿಯ ಮೂಲಕ ಅವಳಿಗೆ ಬರುತ್ತದೆ. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕಾಲಡಿಯ ಪೆಡಲ್ ಒತ್ತಿ ನಿಲ್ಲಿಸುತ್ತ, ಹಿಂದಕ್ಕೆ ಓಡಿಸುತ್ತ, ಅಕ್ಷರ ತಪ್ಪದಂತೆ ಬರೆದು ಕಳಿಸುತ್ತಾಳೆ. ಇವತ್ತು ಬೆಳಗ್ಗೆ ಯಾವುದೋ ಔಷಧದ ಹೆಸರಿನ ಕಾಗುಣಿತ ಹುಡುಕುವಾಗ ಒಂದು ಕಡೆ ಒತ್ತಿದ್ದೇ ಪರದೆ ಕೆಂಪಾಗಿ ಕೂಗತೊಡಗಿತು. ನಂಬರಿಗೆ ಫೋನ್ ಮಾಡಿದಳು. ತುಂಬ ಮರ್ಯಾದೆಯಿಂದ ಮಾತಾಡಿದ ಒಬ್ಬ, ಅದೇನನ್ನೋ ಇಳಿಸಿಕೊಳ್ಳಲು ಹೇಳಿದ. ಆಮೇಲೆ ಬಾಣದ ಗುರುತು ತಾನಾಗಿಯೇ ಪರದೆಯ ಮೇಲೆ ಓಡಾಡಿತು. ಅವಳು ಕೈಕಟ್ಟಿಕೊಂಡು ನೋಡುತ್ತಿದ್ದಳು. ಬ್ಯಾಂಕಿನಲ್ಲಿದ್ದದ್ದು ಹೋಯಿತು. ಅದಕ್ಕಿಂತ ಹೆಚ್ಚಾಗಿ ರೋಗಿಗಳ ವರದಿಗಳು, ಯಾರ ಗರ್ಭದಲ್ಲಿ ಏನಿದೆ, ಯಾರ ರಕ್ತದಲ್ಲಿ ಏನಿದೆ ಎಂಬುದೆಲ್ಲ, ಗೊತ್ತಿಲ್ಲದವರ ಪಾಲಾಯಿತು. ಕೆಲಸ ಮುಗಿದ ಮೇಲೆ ಆತ ಫೋನ್ ಇಟ್ಟ. ಪರದೆ ಮತ್ತೆ ಕೆಂಪಾಗಿ ಮತ್ತೆ ಕೂಗತೊಡಗಿತು.

"ಇವಳೇ ಏಜೆನ್ಸಿಗೆ ತಿಳಿಸಿದ್ಲು, ಅವರು ಫೋನ್ ಮಾಡಿದ್ರು" ಎಂದ ಅಣ್ಣ, ಎರಡನೆಯ ಸಾಕ್ಸ್ ಎಳೆದುಕೊಳ್ಳುತ್ತ. "ನಾಳೆಯಿಂದ ಕೆಲಸ ಕಳಿಸಲ್ವಂತೆ. ಕೇಸ್ ಹಾಕಿದ್ರೂ ಹಾಕಬಹುದಂತೆ. ಹೆಸರಿಗೆ ಓದಿದವಳು." ಅತ್ತಿಗೆ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಅಣ್ಣ ಹೀಗೆ ಮಾತಾಡುವುದನ್ನು ತಂಗಿ ಎಷ್ಟೋ ಸಲ ಕೇಳಿದ್ದಳು, ಕೇಳಿ ಸುಮ್ಮನಿದ್ದಳು. ಗಂಡ ಹೆಂಡಿರ ನಡುವೆ ತಾನ್ಯಾಕೆ ಎಂಬ ನೆಪ ಯಾವಾಗಲೂ ಕೈಗೆಟಕುವ ಹಾಗೆ ಇರುತ್ತಿತ್ತು. ಇವತ್ತು ಅವಳು ಅವನ ಹಿಮ್ಮಡಿಯಲ್ಲಿ ಹರಿದ ಆ ಸಾಕ್ಸನ್ನೇ ನೋಡುತ್ತಿದ್ದಳು. ಅವನು ಧ್ವನಿಯನ್ನು ಗುರುತಿಸಿರಲಿಲ್ಲ. ಬೆಳಗಿನಿಂದ ತಂಗಿ ಅವನ ನಡುಮನೆಯಲ್ಲಿ ನಿಂತು ಕೂಗುತ್ತಿದ್ದಾಳೆ, ಅವನಿಗೆ ಅದು ಕೇಳಿಸಿಯೇ ಇಲ್ಲ. ಅವನಿಗೆ ಮಾತಾಡುವ ಹೆಂಗಸರೆಲ್ಲ ಒಂದೇ.

ಅವನು ಶೂ ಹುಡುಕಲು ಒಳಗೆ ಹೋದಾಗ ಅತ್ತಿಗೆ ಅವಳ ಮಣಿಕಟ್ಟು ಹಿಡಿದು ಬಗ್ಗಿಸಿಕೊಂಡಳು. "ನಿಮ್ಮಣ್ಣನಿಗೆ ಹೇಳಿಲ್ಲ" ಎಂದಳು ಪಿಸುದನಿಯಲ್ಲಿ. "ನೀನೇ ಅಂತ ಮೊದಲನೇ ಮಾತಿಗೇ ಗೊತ್ತಾಯ್ತು ಗಿಳಿ. ನಿನ್ನ ಕಂಪನಿ ಅಂದ್ಕೊಂಡೆ. ನಮ್ಮ ಗಿಳಿನೇ ಹೇಳ್ತಿದಾಳೆ ಅಂದ್ಮೇಲೆ ಭಯ ಏನು ಅಂತ ಫೋನ್ ಮಾಡ್ದೆ." ಹೇಳುವಾಗ ಮುಖದಲ್ಲಿ ಆಪಾದನೆ ಇರಲಿಲ್ಲ. ತಪ್ಪು ಲೆಕ್ಕ ಮಾಡಿದ ಮಗು ಹೇಗೆ ಮಾಡಿದೆ ಎಂದು ತೋರಿಸುವ ಹಾಗೆ ತೋರಿಸುತ್ತಿದ್ದಳು, ಅಷ್ಟೆ. ಚಿಕ್ಕಂದಿನಲ್ಲಿ ಅವಳ ಬಾಯಿ ನಿಲ್ಲದ್ದಕ್ಕೆ ಗಿಳಿ ಎಂದು ಹೆಸರಿಟ್ಟವಳು ಅತ್ತಿಗೆಯೇ. ರೆಕಾರ್ಡಿನಲ್ಲಿ ಕೆಮ್ಮಿದರೆ ಸಾಕು ಯಾವ ಡಾಕ್ಟರು ಎಂದು ಹೇಳಬಲ್ಲ ಕಿವಿ ಅತ್ತಿಗೆಯದು. ಆ ಕಿವಿ ಇವತ್ತೂ ತಪ್ಪಲಿಲ್ಲ. ಪರದೆಯ ನಂಬರನ್ನು ಅಣ್ಣ ಫೋಟೋ ತೆಗೆದಿದ್ದ. ಅವಳು ಅದನ್ನು ತನ್ನ ಫೋನಿಗೆ ಕಳಿಸಿಕೊಂಡು, "ಬರ್ತೀನಿ" ಎಂದಷ್ಟೇ ಹೇಳಿ ಇಳಿದಳು. ಚಪ್ಪಲಿಗಳನ್ನು ಈ ಸಲ ತುಳಿದುಕೊಂಡೇ ಹೋದಳು.

ಬಸ್ಸಿನಲ್ಲಿ ಕೂತಮೇಲೆ ಅವಳದೇ ಧ್ವನಿ ಮಾತಾಡಿತು. ಮುಂದಿನ ನಿಲ್ದಾಣ, ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ. ಪಕ್ಕದ ಹೆಂಗಸು ಆ ಮಾತು ಕೇಳಿ ಚೀಲಗಳನ್ನು ಎತ್ತಿಕೊಂಡು ಎದ್ದಳು. ಕೇಳುತ್ತಾರೆ, ಅಂದುಕೊಂಡಳು ಅವಳು ಸಿಟ್ಟಿನಿಂದ. ಏಳು ಅಂದರೆ ಏಳುತ್ತಾರೆ, ನಿಲ್ಲು ಅಂದರೆ ನಿಲ್ಲುತ್ತಾರೆ, ಒಬ್ಬರಾದರೂ ತಿರುಗಿ ನೀನ್ಯಾರು ಹೇಳೋದಕ್ಕೆ ಎಂದು ಕೇಳುವುದಿಲ್ಲ. ವೈರಸ್ಸಿನ ಆ ಮಾತುಗಳನ್ನು ಓದಿ ಕೊಟ್ಟ ದಿನ ಅವಳಾದರೂ ಕೇಳಿದ್ದಳೇ? ಸ್ಟುಡಿಯೋದವನು ಕೊಟ್ಟ ಹಾಳೆಯಲ್ಲಿ ಮೂರು ಸಾಲುಗಳಿದ್ದವು. ಯಾವುದೋ ಭಾಷೆಯಿಂದ ಯಾವುದೋ ಯಂತ್ರ ತಂದು ಸುರಿದಂಥ ಸಾಲುಗಳು. ಇದೇನು, ಬಾಯಿಗೆ ಕಲ್ಲು ಸಿಕ್ಕಿದ ಹಾಗಿದೆ ಎಂದು ನಕ್ಕಿದ್ದಳು. ಯಾವುದೋ ಭದ್ರತಾ ಕಂಪನಿಯದಂತೆ, ಹಾಗೇ ಓದಿಬಿಡಿ ಎಂದಿದ್ದ ಅವನು. ಅವಳು ಹಾಗೇ ಓದಲಿಲ್ಲ. ಹಾಗೇ ಓದಿದ್ದರೆ! ಪೆನ್ನು ಇಸಿದುಕೊಂಡು ತಿದ್ದಿದಳು. ಸೋಂಕುಗೊಂಡಿದೆ ಎನ್ನುವುದನ್ನು ತಗುಲಿದೆ ಮಾಡಿದಳು. ಕೊನೆಯ ಸಾಲು ಅವರದ್ದಲ್ಲ, ಅವಳದು. ಬರೀ ಹೆದರಿಸಿದರೆ ಜನ ಮುಚ್ಚಿ ಎದ್ದುಹೋಗುತ್ತಾರೆ, ಒಂದು ಸಮಾಧಾನದ ಮಾತು ಬೇಕು ಎಂದು ತಾನೇ ಹೇಳಿ, ತಾನೇ ಸೇರಿಸಿದಳು. 'ಗಾಬರಿಯಾಗಬೇಡಿ' ಆದಮೇಲೆ ಒಂದು ಸಣ್ಣ ಉಸಿರು ಬಿಟ್ಟು, ಆಮೇಲೆ 'ನಾವಿದ್ದೇವೆ'. ಆ ಉಸಿರು ಎಲ್ಲಿಂದ ಬಂತೆಂದು ಆಗ ಯೋಚಿಸಿರಲಿಲ್ಲ. ಈಗ ಬಸ್ಸಿನ ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡಾಗ ಗೊತ್ತಾಯಿತು. ಜ್ವರ ಬಂದು ಮಲಗಿದ್ದಾಗ, ಅಮ್ಮ ಇಲ್ಲದ ಮನೆಯಲ್ಲಿ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಒದ್ದೆ ಬಟ್ಟೆ ಹಿಂಡಿ ಹಣೆಗಿಡುತ್ತ ಹೇಳುತ್ತಿದ್ದದ್ದು ಹಾಗೆಯೇ. ಗಾಬರಿ ಆಗ್ಬೇಡ. ನಾನಿದ್ದೀನಿ. ಅವಳು ಅದನ್ನು ಕದ್ದು ಮಾರಿದ್ದಳು, ಕೊಂಡವರು ಅದನ್ನು ತೆಗೆದುಕೊಂಡು ಹೋಗಿ ಅದೇ ಹುಡುಗಿಯ ಮನೆ ಬಾಗಿಲು ತಟ್ಟಿದ್ದರು.

ಸ್ಟುಡಿಯೋ ಒಂದು ಸೈಕಲ್ ಅಂಗಡಿಯ ಹಿಂದೆ, ನೆಲಮಾಳಿಗೆಯಲ್ಲಿತ್ತು. ಅದರ ಮಾಲೀಕನನ್ನು ಓದುವವರೆಲ್ಲ ಬೆನ್ನ ಹಿಂದೆ 'ಇನ್ನೊಂದ್ಸಲ' ಎಂದು ಕರೆಯುತ್ತಿದ್ದರು. ಎಷ್ಟು ಚೆನ್ನಾಗಿ ಓದಿದರೂ ಇನ್ನೊಂದ್ಸಲ ಅನ್ನದೆ ಬಿಡುವವನಲ್ಲ ಅವನು. ಸ್ಪಂಜು ಹೊದಿಸಿದ ಗೋಡೆಗಳ ನಡುವೆ ಅವಳ ಕೂಗು ಹುಟ್ಟಿದಲ್ಲಿಯೇ ಸತ್ತಿತು. ಅಲ್ಲಿ ಯಾರು ಕೂಗಿದರೂ ಹಾಗೆಯೇ. ಅವನು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಳ್ಳುತ್ತ ಚಹಾದ ಲೋಟದಲ್ಲಿ ಬಿದ್ದ ಕೆನೆಯನ್ನು ಬೆರಳಲ್ಲಿ ತೆಗೆದು ಮೇಜಿನ ಅಂಚಿಗೆ ಒರೆಸಿದ.

"ಯಾರು ಕೊಟ್ಟ ಕೆಲಸ ಅದು?"

"ಮೇಲ್ ಬಂತು, ಮಾಡ್ದೆ, ಕಳಿಸ್ದೆ. ಮುಖ ನೋಡಿಲ್ಲ ನಾನು."

"ಏನಕ್ಕೆ ಅಂತ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ನೀವು ಕೇಳಿದ್ರಾ?" ಎಂದ ಅವನು. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ತಿಳಿಯಲೆಂಬಂತೆ. "ಚಾಕು ಮಾರೋನು ಯಾರು ಏನು ಹೆಚ್ತಾರೆ ಅಂತ ಕೇಳ್ತಾನಾ ಮೇಡಂ? ಸುಮ್ನೆ ತಲೆ ಕೆಡಿಸ್ಕೋಬೇಡಿ. ಮನೆಯೋರಿಗೇ ಆಯ್ತು ಅಂತ ನಿಮಗೆ ಉರೀತಿದೆ. ಬೇರೆಯೋರಿಗೆ ಆಗಿದ್ರೆ ನೀವು ಇಲ್ಲಿಗೆ ಬರ್ತಿದ್ರಾ?"

ಅವಳು ಆ ಲೋಟವನ್ನು ಎತ್ತಿ ಗೋಡೆಗೆ ಹೊಡೆಯಬೇಕೆಂದುಕೊಂಡಳು. ಸ್ಪಂಜಿಗೆ ಬಡಿದು ಸದ್ದಿಲ್ಲದೆ ಕೆಳಗೆ ಬೀಳುತ್ತದೆ ಎಂದು ಹೊಳೆದು ಆ ಆಸೆಯೂ ಹೋಯಿತು. ಅವನು ಹೇಳಿದ್ದು ನಿಜವಾಗಿತ್ತು, ಮತ್ತು ಆ ನಿಜವನ್ನು ಕೆನೆ ಹತ್ತಿದ ಬೆರಳಿನವನ ಬಾಯಿಂದ ಕೇಳಬೇಕಾಗಿ ಬಂದದ್ದು ಸಹಿಸಲಾಗದಂತಿತ್ತು. ಹೊರಡುವಾಗ ಅವನು ಹಿಂದಿನಿಂದ, "ಮುಂದಿನ ವಾರ ವಿಮೆ ಕಂಪನಿದು ಒಂದಿದೆ, ಬರ್ತೀರಲ್ಲ?" ಎಂದು ಕೇಳಿದ.

ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳು ಆ ನಂಬರಿಗೆ ಫೋನ್ ಮಾಡಿದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಬೈಯಬೇಕು ಎಂಬುದು ಮಾತ್ರ ಗೊತ್ತಿತ್ತು. "ನಮಸ್ಕಾರ, ತಾಂತ್ರಿಕ ಸಹಾಯ ಕೇಂದ್ರ, ಏನು ತೊಂದರೆ ಆಗಿದೆ ಮೇಡಂ?" ಎಂದಿತು ಒಂದು ಗಂಡು ಧ್ವನಿ, ಈಗಷ್ಟೇ ಊಟ ಮಾಡಿ ಬಂದವನ ತೃಪ್ತ ಧ್ವನಿ.

"ನಾಚಿಕೆ ಆಗಲ್ವೇನ್ರೀ ನಿಮಗೆ? ದುಡಿದು ತಿನ್ನೋ ಹೆಂಗಸಿನ ಅನ್ನಕ್ಕೆ ಮಣ್ಣು ಹಾಕ್ತೀರಲ್ಲ, ನೀವೂ ಮನುಷ್ಯರಾ?"

ಅವನು ಬೇರೆಯೇ ಧ್ವನಿಯಲ್ಲಿ, "ಒಂದ್ನಿಮಿಷ, ಒಂದ್ನಿಮಿಷ. ನೀವು ಅಲಾರಂ ಅಕ್ಕ ಅಲ್ವಾ?" ಎಂದ. ಅವಳು ಮಾತಾಡುವ ಮೊದಲೇ ಕುರ್ಚಿ ಎಳೆದ ಸದ್ದು, "ಲೋ, ಬನ್ರೋ ಇಲ್ಲಿ, ಅಲಾರಂ ಅಕ್ಕ ಲೈನಲ್ಲಿದಾರೆ ಕಣ್ರೋ!" ಎಂಬ ಕೂಗು. ಸ್ಪೀಕರ್ ಹಾಕಿದರು. ಅವಳ ಉಸಿರು ಅವರ ಕೋಣೆಯಲ್ಲಿ ತಿರುಗಿ ಅವಳ ಕಿವಿಗೇ ಬಂತು. ಫೋನ್ ಮಾಡಿದವರ ಹಿಂದಿನಿಂದ ದಿನವಿಡೀ ಅವಳ ಧ್ವನಿ ಕೇಳಿಯೇ ಕೂತಿರುವವರು, ತಪ್ಪುವುದುಂಟೇ? "ಅಕ್ಕ, ಒಂದೇ ಒಂದ್ಸಲ ಹೇಳಿ ಅಕ್ಕ, ನಾವಿದ್ದೇವೆ ಅಂತ" ಎಂದ ಇನ್ನೊಬ್ಬ. ನಗು. ಆ ನಗುವಿನಲ್ಲಿ ದ್ವೇಷವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಇದ್ದದ್ದು ಸಲಿಗೆ. ನೆಂಟರ ಮನೆಯಲ್ಲಿ ಹಾಡು ಹೇಳೆಂದು ಪೀಡಿಸುವವರ ಸಲಿಗೆ. ಮೊದಲನೆಯವನು ಎಲ್ಲರನ್ನೂ ಸುಮ್ಮನಾಗಿಸಿ ಗಂಭೀರವಾಗಿ ಹೇಳಿದ: "ಸುಳ್ಳು ಹೇಳಲ್ಲ ಅಕ್ಕ. ಮೊದಲು ಬೇರೆ ವಾಯ್ಸ್ ಇತ್ತು, ಜನ ಫೋನೇ ಮಾಡ್ತಿರ್ಲಿಲ್ಲ. ನಿಮ್ಮದು ಹಾಕಿದ್ಮೇಲೆ ನಮಗೆ ನೀರು ಕುಡಿಯೋಕೂ ಪುರುಸೊತ್ತಿಲ್ಲ. ಹೆದರಿಸೋರು ಬೇಕಾದಷ್ಟು ಸಿಗ್ತಾರೆ. ಸಮಾಧಾನ ಮಾಡೋರು ಸಿಗಲ್ಲ."

ಅವಳು ಬೈದಳು. ತನಗೆ ಗೊತ್ತಿದ್ದ, ಗೊತ್ತಿದೆಯೆಂದು ಗೊತ್ತಿರದಿದ್ದ ಬೈಗುಳಗಳನ್ನೆಲ್ಲ ಬೈದಳು. ಸೈಕಲಿಗೆ ಗಾಳಿ ಹಾಕಿಸುತ್ತಿದ್ದವರು ತಿರುಗಿ ನೋಡಿದರು. ಆದರೆ ಹಾಳಾದ ಅಭ್ಯಾಸ, ಬೈಗುಳದಲ್ಲೂ ಒಂದು ಮಹಾಪ್ರಾಣ ತಪ್ಪಲಿಲ್ಲ, ಒಂದು ಒತ್ತು ಬಿಡಲಿಲ್ಲ. ಸೂಳೆಮಗನೇ ಎನ್ನುವುದು ಕೂಡ ಸುದ್ದಿ ಓದಿದ ಹಾಗೆ ಕೇಳಿಸಿತು. "ರೆಕಾರ್ಡ್ ಆಯ್ತೇನ್ರೋ?" ಎಂದು ಯಾರೋ ಕೇಳಿದ್ದು ಕಿವಿಗೆ ಬಿದ್ದ ಮೇಲೆ ಅವಳು ಫೋನ್ ಇಟ್ಟಳು. ಎಷ್ಟು ಹೊತ್ತು ಕಟ್ಟೆಯ ಮೇಲೆ ಕೂತಿದ್ದಳೋ.

ಸಂಜೆ ಅಣ್ಣನ ಮನೆಗೆ ಹೋದಾಗ ಅವನು ಇನ್ನೂ ಅದೇ ರಾಗದಲ್ಲಿದ್ದ. ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಬಂದಿದ್ದನಂತೆ. ಒಬ್ಬೊಬ್ಬರೂ ಒಂದೊಂದು ಕತೆ ಹೇಳಿದರಂತೆ. ಆದರೂ ಇವಳಷ್ಟು ಬೆಪ್ಪು ಯಾರೂ ಸಿಗಲಿಲ್ಲವಂತೆ. ತಟ್ಟೆಗೆ ಬಡಿಸುತ್ತಿದ್ದ ಅತ್ತಿಗೆಯ ಸೌಟಿನಿಂದ ಸಾರು ಚೆಲ್ಲಿತು. "ನೋಡು, ಇದನ್ನೂ ಅವರೇ ಬಂದು ಚೆಲ್ಲಿದ್ರಾ?" ಎಂದ ಅಣ್ಣ. ತಂಗಿ ತಟ್ಟೆಯನ್ನು ತಳ್ಳಿ ಎದ್ದು ನಿಂತಳು. "ಅದು ನನ್ನ ಧ್ವನಿ" ಎಂದಳು. "ಬೆಳಗ್ಗೆಯಿಂದ ಈ ಮನೇಲಿ ಕೂಗಿದ್ದು ನಾನು. ಅತ್ತಿಗೆ ಮೋಸ ಹೋಗಿದ್ದು ನನ್ನಿಂದ. ನಾವಿದ್ದೇವೆ ಅಂತ ಸೇರಿಸಿದ್ದು ನಾನು. ಬೈಯೋದಿದ್ರೆ ನನ್ನ ಬೈ."

ಅಣ್ಣ ಅವಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಅವನ ಮುಖ ಮೆತ್ತಗಾಯಿತು. "ಅಯ್ಯೋ, ಅದಕ್ಕೆ ನೀನೇನು ಮಾಡ್ತೀಯಮ್ಮ? ಓದು ಅಂದ್ರು, ಓದಿದೆ. ನಿನ್ನ ಕೆಲಸ ಅದು. ಕೂತ್ಕೋ, ಊಟ ಮಾಡು" ಎಂದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಕೇಳೋರಿಗೆ ಬುದ್ಧಿ ಬೇಡ್ವಾ?" ಎಂದ. ಇಷ್ಟು ಸುಲಭವಾಗಿ ಸಿಕ್ಕ ಕ್ಷಮೆ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಒಡಹುಟ್ಟಿದವಳೆಂದು ತನಗೆ ವಿನಾಯಿತಿ, ಹೊರಗಿನಿಂದ ಬಂದವಳೆಂದು ಅವಳಿಗೆ ಶಿಕ್ಷೆ, ಇಷ್ಟು ವರ್ಷ ಈ ಮನೆಯಲ್ಲಿ ನ್ಯಾಯ ಹೀಗೇ ನಡೆದಿತ್ತು, ಅದರ ನೆರಳಲ್ಲಿ ತಾನು ಹಾಯಾಗಿ ಉಂಡು ಹೋಗುತ್ತಿದ್ದಳು. "ಅಣ್ಣ, ಇನ್ನೊಂದು ಮಾತಾಡಿದ್ರೆ ಈ ತಟ್ಟೆ ನಿನ್ನ ಮುಖಕ್ಕೆ ಬರುತ್ತೆ" ಎಂದಳು. ಅವನು ಬಾಯಿ ತೆರೆದು, ಮುಚ್ಚಿ, ಎದ್ದು ಕೈ ತೊಳೆಯಲು ಹೋದ.

ಅತ್ತಿಗೆ ಚೆಲ್ಲಿದ್ದನ್ನು ಒರೆಸಿ, ಬಟ್ಟೆ ಹಿಂಡಿ ಬಂದು ಎದುರಿಗೆ ಕೂತಳು. "ಸೇರಿಸಿದ್ದು ನೀನಾ?" ಎಂದು ಕೇಳಿದಳು. ಅವಳು ತಲೆಯಾಡಿಸಿದಳು. "ಅದೇ ಮಾತಿಗೆ ನಾನು ಫೋನ್ ಎತ್ಕೊಂಡಿದ್ದು" ಎಂದಳು ಅತ್ತಿಗೆ. ಆಮೇಲೆ ಸಾಧಾರಣ ಧ್ವನಿಯಲ್ಲಿ, "ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಸ್ವಲ್ಪ ದಿನ ನೀನು ನನ್ನ ಮುಂದೆ ಮಾತಾಡ್ಬೇಡ. ಬಾ, ಕೂತ್ಕೋ, ಉಣ್ಣು. ಮಾತು ಮಾತ್ರ ಬೇಡ. ನೀನು ಬಾಯಿ ಬಿಟ್ರೆ ನನಗೆ ಮೈಯೆಲ್ಲ ಝುಂ ಅನ್ನುತ್ತೆ" ಎಂದಳು. ಅವಳಿಗೆ ಹೂಂ ಎನ್ನಲೂ ಆಗಲಿಲ್ಲ. ಹೂಂ ಅನ್ನುವುದೂ ಮಾತೇ. ಇಬ್ಬರೂ ಎದುರುಬದುರು ಕೂತು ಉಂಡರು. ನೀರು ಬೇಕಾದಾಗ ಅವಳು ಲೋಟವನ್ನು ಮುಂದೆ ಸರಿಸಿದಳು, ಅತ್ತಿಗೆ ತುಂಬಿಸಿದಳು.

ಮರುದಿನ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಕಂಪ್ಯೂಟರ್ ಮೋಸದ ದೂರುಗಳಿಗೆಂದೇ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿದ್ದರು. ಗೋಡೆಗೆ ಒರಗಿಸಿದ ಉದ್ದ ಬೆಂಚಿನ ತುಂಬ ಜನ. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಗುಪ್ತರೋಗದ ವೈದ್ಯರ ಬಳಿ ಬಂದವರ ಹಾಗೆ ನೆಲ ನೋಡುತ್ತಿದ್ದರು. ಸರದಿ ಬಂದಾಗ ಅತ್ತಿಗೆ ಮಾತಾಡಿದಳು. ಅವಳು ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತಿದ್ದಳು. ಬರೆದುಕೊಳ್ಳುತ್ತಿದ್ದ ಪೇದೆ ತಲೆ ಎತ್ತದೆ, "ಕೂಗಿದ್ದು ಗಂಡಸೋ ಹೆಂಗಸೋ?" ಎಂದು ಕೇಳಿದ.

"ಹೆಂಗಸು."

"ಧ್ವನಿ ಹೇಗಿತ್ತು? ಎಲ್ಲಾದರೂ ಕೇಳಿದ ಹಾಗಿತ್ತಾ?"

"ಇಲ್ಲ" ಎಂದಳು ಅತ್ತಿಗೆ. "ಯಾರೋ ಏನೋ. ಗೊತ್ತಾಗಲಿಲ್ಲ."

ಕೆಮ್ಮು ಕೇಳಿ ಡಾಕ್ಟರನ್ನು ಹೇಳುವ ಅತ್ತಿಗೆ, ಆ ಕಿವಿಯೊಂದನ್ನೇ ನೆಚ್ಚಿ ಬದುಕಿದ ಅತ್ತಿಗೆ, ತನಗೆ ಕಿವಿಯೇ ಇಲ್ಲವೆಂದು ಬರೆಸುತ್ತಿದ್ದಳು. ಪೇದೆ ಬರೆದುಕೊಂಡ. ಅವನ ತುಟಿಯಂಚಿನಲ್ಲಿ ಅಣ್ಣನ ಅದೇ ತಾತ್ಸಾರ ಕಂಡಿತು. ಮತ್ತೊಂದು ಬೆಪ್ಪು. ನಿನ್ನೆಯಿಂದ ಅವಳೊಳಗೆ ಹೊರಬರಲು ದಾರಿ ಸಿಗದೆ ಒದ್ದಾಡುತ್ತಿದ್ದದ್ದು ಆಗ ಎದ್ದು ನಿಂತಿತು, ಅವಳೂ ಅದರೊಡನೆ ನಿಂತಳು. "ಸುಳ್ಳು" ಎಂದಳು. "ಅವರಿಗೆ ಗೊತ್ತು. ಅದು ನನ್ನ ಧ್ವನಿ." ಪೇದೆ ತಲೆ ಎತ್ತಿದ. "ಏನಮ್ಮಾ?" ಎಂದ, ನಂಬದೆ. ಅವಳು ಹೇಳಿದಳು. ಗಮನಿಸಿ ಎಂಬಲ್ಲಿಂದ ಹಿಡಿದು ಕೊನೆಯವರೆಗೆ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ಉಸಿರು ಬಿಡಬೇಕೋ ಅಲ್ಲಿ ಬಿಟ್ಟು, ಪೂರ್ತಿ ಹೇಳಿದಳು. ಅತ್ತಿಗೆ ಕಣ್ಣು ಮುಚ್ಚಿಕೊಂಡಳು.

ಬೆಂಚಿನ ಮೇಲಿಂದ ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡಿದ್ದ ಒಬ್ಬ ಗಂಡಸು ಎದ್ದ. "ಇದೇ!" ಎಂದು ಕೂಗಿದ. "ಇವಳೇ! ಇದೇ ಧ್ವನಿ ಸಾರ್!" ಅವನ ಕೈ ಅವಳ ಕಡೆ ಚಾಚಿತ್ತು. ಅವನ ಹಿಂದೆ ಇನ್ನೂ ಇಬ್ಬರು ಮೂವರು ಎದ್ದರು. ಒಬ್ಬ ಮುದುಕಿ ಕೂತಲ್ಲಿಂದಲೇ ಅವಳನ್ನು ಶಪಿಸತೊಡಗಿದಳು. ಅತ್ತಿಗೆ ಕುರ್ಚಿ ಹಿಂದಕ್ಕೆ ತಳ್ಳಿ ಅವರಿಗೂ ಅವಳಿಗೂ ನಡುವೆ ಬಂದು ನಿಂತಳು. ಅವಳು ಅತ್ತಿಗೆಯ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. "ಸುಮ್ನಿರ್ರೀ ಎಲ್ಲ, ಕೂತ್ಕೊಳ್ಳಿ!" ಎಂದು ಪೇದೆ ಲಾಠಿಯಿಂದ ಮೇಜು ಕುಟ್ಟಿದ.

"ಅವರನ್ನ ಸುಮ್ಮನಿರಿಸಬೇಡಿ" ಎಂದಳು ಅವಳು. "ಬೈಯಲಿ."

ಆದರೆ ಆ ಗಂಡಸು ಬೈಯಲಿಲ್ಲ. ಹತ್ತಿರ ಬಂದು ಅವಳ ಮುಖ ನೋಡಿ, ಅಲ್ಲಿ ತಾನು ಊಹಿಸಿದ್ದು ಕಾಣದೆ ಗಲಿಬಿಲಿಗೊಂಡವನ ಹಾಗೆ ನಿಂತ. "ಯಾಕಮ್ಮಾ?" ಎಂದ. "ಹೆದರಿಸಿದ್ದು ಸರಿ. ನಾವಿದ್ದೇವೆ ಅಂತ ಯಾಕೆ ಹೇಳಿದೆ? ಹಾಗೆ ಹೇಳದೇ ಇದ್ದಿದ್ರೆ ನಾನು ಮುಚ್ಚಿಬಿಡ್ತಿದ್ದೆ."

ಓದು ಅಂದರು, ಓದಿದೆ. ಅದು ನನ್ನ ಕೆಲಸ. ಎಲ್ಲವೂ ನಾಲಿಗೆಯ ತುದಿಯವರೆಗೆ ಬಂದವು, ಬಂದು ಅಲ್ಲೇ ಅಸಹ್ಯವಾಗಿ ನಿಂತವು. ಅವಳು ಮೇಜಿನ ಕಡೆ ತಿರುಗಿದಳು. "ಸ್ಟುಡಿಯೋ ವಿಳಾಸ ಕೊಡ್ತೀನಿ, ಬರ್ಕೊಳ್ಳಿ" ಎಂದಳು. "ಅದಕ್ಕೆ ಮೊದಲು ನನ್ನ ಹೆಸರು ಬರ್ಕೊಳ್ಳಿ." ಪೇದೆ ಹೊಸ ಹಾಳೆ ಎಳೆದುಕೊಂಡ. ಅವಳು ಹೆಸರು ಹೇಳಿದಳು. ಬರೀ ಗಾಳಿ ಹೊರಟಿತು.

"ಕೇಳಿಸ್ಲಿಲ್ಲ" ಎಂದ ಪೇದೆ. "ಜೋರಾಗಿ ಹೇಳಿ."

ಅವಳು ಹೆಸರನ್ನು ಕಿರುಚಿದಳು. ಒಡೆದ, ಒರಟಾದ, ಅಕ್ಷರಕ್ಕೆ ಅಕ್ಷರ ಅಂಟದ ಆ ಕೂಗನ್ನು ಕೇಳಿ ಅತ್ತಿಗೆ ಕಣ್ಣರಳಿಸಿ, ಇದ್ಯಾರು ಎಂಬಂತೆ ಅವಳ ಕಡೆ ತಿರುಗಿದಳು.